ಎಡನೀರಿನ ಅರ್ಜಿ ಮತ್ತು ಸಂವಿಧಾನದ ಮೂಲ ಸ್ವರೂಪ

ಸಂವಿಧಾನವನ್ನು ತಿದ್ದುವ ಸಂಸತ್ತಿನ ಅಧಿಕಾರಕ್ಕೆ ಎಲ್ಲೆ ಗುರುತಿಸಿದ ತೀರ್ಪು, ಕಾಸರಗೋಡು ಸೀಮೆಯ ಎಡನೀರು ಮಠದ ಜಮೀನಿನ ವ್ಯಾಜ್ಯದಿಂದ ಹುಟ್ಟಿತು. ಕೇರಳದ ಭೂಸುಧಾರಣಾ ಕಾನೂನನ್ನು ಪ್ರಶ್ನಿಸಿ ಮಠಾಧಿಪತಿ ಕೇಶವಾನಂದ ಭಾರತೀ ಅವರು 1970ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. ಮೂಲಭೂತ ಹಕ್ಕುಗಳನ್ನು ಸಂಸತ್ತು ಮೊಟಕುಗೊಳಿಸಲಾಗದೆಂದು 1967ರ ಗೋಲಕನಾಥ ಪ್ರಕರಣದಲ್ಲಿ ನ್ಯಾಯಾಲಯ ಹೇಳಿತ್ತು; 1971ರ 24ನೇ ತಿದ್ದುಪಡಿ ಆ ನಿರ್ಬಂಧವನ್ನು ತೊಡೆದುಹಾಕಿದ್ದರಿಂದ, ಮಠದ ಅರ್ಜಿಯ ವ್ಯಾಪ್ತಿ ಜಮೀನಿನ ಗಡಿ ದಾಟಿ ಸಂವಿಧಾನದ ಅಳಿವು ಉಳಿವಿನ ಪ್ರಶ್ನೆಯವರೆಗೆ ಹಬ್ಬಿತು.

ಹದಿಮೂರು ನ್ಯಾಯಮೂರ್ತಿಗಳ ಪೀಠ 68 ದಿನ ವಾದ ಆಲಿಸಿ, 1973ರ ಏಪ್ರಿಲ್ 24ರಂದು 7–6ರ ಬಹುಮತದಿಂದ, ಸಂಸತ್ತು ಯಾವ ವಿಧಿಯನ್ನಾದರೂ ತಿದ್ದಬಹುದು, ಆದರೆ ಸಂವಿಧಾನದ ‘ಮೂಲ ಸ್ವರೂಪ’ವನ್ನು, ಅಂದರೆ ಯಾವುದು ಅಳಿದರೆ ಸಂವಿಧಾನವು ತನ್ನ ಗುರುತನ್ನೇ ಕಳೆದುಕೊಳ್ಳುವುದೋ ಅದನ್ನು, ಕೆಡಿಸಲಾಗದೆಂದು ಸಾರಿತು. ತಿದ್ದುವ ಅಧಿಕಾರಕ್ಕೆ ಅಂತರ್ಗತ ಮಿತಿಗಳಿವೆಯೆಂಬ ವಾದವನ್ನು ಜರ್ಮನ್ ವಿದ್ವಾಂಸ ಡೀಟ್ರಿಶ್ ಕಾನ್ರಾಡ್ 1965ರಲ್ಲೇ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಉಪನ್ಯಾಸದಲ್ಲಿ ಮಂಡಿಸಿದ್ದರು. ಅವರ ದೇಶದ 1949ರ ಸಂವಿಧಾನದಲ್ಲಿ ತಿದ್ದಲಾಗದ ತತ್ತ್ವಗಳನ್ನು ಬರಹದಲ್ಲೇ ನಮೂದಿಸಲಾಗಿತ್ತು.

ತೀರ್ಪು ಮಠಕ್ಕೆ ಜಮೀನನ್ನು ಮರಳಿ ಕೊಡಿಸಲಿಲ್ಲ. ಕೇರಳದ ಕಾನೂನನ್ನು ರಕ್ಷಿಸಿದ 29ನೇ ತಿದ್ದುಪಡಿಯನ್ನು ನ್ಯಾಯಾಲಯ ಎತ್ತಿಹಿಡಿಯಿತು. ಬಹುಮತದ ಪರ ನಿಂತಿದ್ದ, ಕರಾವಳಿಯವರೇ ಆದ ಕೆ.ಎಸ್. ಹೆಗ್ಡೆ ಅವರೂ ಸೇರಿದಂತೆ ಮೂವರು ಹಿರಿಯ ನ್ಯಾಯಮೂರ್ತಿಗಳನ್ನು ಕಡೆಗಣಿಸಿ ಸರ್ಕಾರವು ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿಯಾಗಿ ನೇಮಿಸಿದಾಗ, ಆ ಮೂವರೂ ರಾಜೀನಾಮೆಯಿತ್ತರು.

ಈ ತತ್ತ್ವವು ಮುಂದೆಯೂ ಕನ್ನಡನಾಡಿನ ಪ್ರಕರಣಗಳಲ್ಲಿ ಬೆಳೆಯಿತು. ಬೆಂಗಳೂರಿನ ಮಿನರ್ವ ಮಿಲ್ಸ್ ಪ್ರಕರಣದಲ್ಲಿ 1980ರಲ್ಲಿ, ತಿದ್ದುಪಡಿಗಳನ್ನು ನ್ಯಾಯಾಂಗದ ಪರಿಶೀಲನೆಯಿಂದ ಹೊರಗಿಟ್ಟ 42ನೇ ತಿದ್ದುಪಡಿಯ ಭಾಗ ರದ್ದಾಯಿತು. 1989ರಲ್ಲಿ ವಜಾಗೊಂಡ ಎಸ್.ಆರ್. ಬೊಮ್ಮಾಯಿ ಸರ್ಕಾರದ ಪ್ರಕರಣದಲ್ಲಿ 1994ರಲ್ಲಿ, ರಾಷ್ಟ್ರಪತಿ ಆಳ್ವಿಕೆಯ ಘೋಷಣೆಯೂ ಪರಿಶೀಲನೆಗೆ ಒಳಪಟ್ಟಿದೆಯೆಂದು ನ್ಯಾಯಾಲಯ ಸ್ಪಷ್ಟಪಡಿಸಿತು. ಆದರೆ ‘ಮೂಲ ಸ್ವರೂಪ’ವೆಂಬ ಪದ ಸಂವಿಧಾನದಲ್ಲೆಲ್ಲೂ ಇಲ್ಲ; ಅದರ ಅರ್ಥವನ್ನು ನ್ಯಾಯಮೂರ್ತಿಗಳೇ ನಿರ್ಧರಿಸುತ್ತಾರೆ. ನ್ಯಾಯಾಧೀಶರ ನೇಮಕಾತಿ ಆಯೋಗವನ್ನು ಇದೇ ತತ್ತ್ವದ ಮೇಲೆ 2015ರಲ್ಲಿ ರದ್ದುಗೊಳಿಸಿದಾಗ, ನ್ಯಾಯಾಂಗ ತನ್ನ ಅಧಿಕಾರವನ್ನೇ ಕಾಯ್ದುಕೊಂಡಿತೆಂಬ ಟೀಕೆ ಎದ್ದಿತು. ಬಹುಮತದ ಅಬ್ಬರದಿಂದ ಪ್ರಜೆಯ ಹಕ್ಕನ್ನು ಕಾಯುವ ಈ ತತ್ತ್ವ ಎಷ್ಟು ಅಮೂಲ್ಯವೋ, ಅದನ್ನು ಬಳಸುವ ನ್ಯಾಯಪೀಠ ಪ್ರತಿ ಸಲವೂ ತನ್ನ ಕಾರಣಗಳನ್ನು ಪ್ರಜೆಯ ಮುಂದೆ ತೆರೆದಿಡುವುದೂ ಅಷ್ಟೇ ಅಗತ್ಯ.