ಅನಿಲಚಾಲಿತ ಏರ್‌ಸಾಫ್ಟ್ ರಿವಾಲ್ವರ್ ಪ್ರತಿಕೃತಿ: ಹೊಂದುವ ಮತ್ತು ಬಳಸುವ ಬಗ್ಗೆ ಸಾರ್ವಜನಿಕರಿಗೆ ಮಾಹಿತಿ

ನೋಡಲು ನಿಜವಾದ ರಿವಾಲ್ವರಿನಂತೆಯೇ ಇದ್ದು, ಸಿಡಿಮದ್ದಿನ ಬದಲು ಒತ್ತಡದಲ್ಲಿರುವ ಅನಿಲದಿಂದ 6 ಮಿ.ಮೀ. ವ್ಯಾಸದ ಪ್ಲಾಸ್ಟಿಕ್ ಗುಂಡುಗಳನ್ನು ಹಾರಿಸುವ ಸಾಧನವನ್ನು ಏರ್‌ಸಾಫ್ಟ್ ರಿವಾಲ್ವರ್ ಎಂದು ಕರೆಯಲಾಗುತ್ತದೆ. 1970ರ ದಶಕದಲ್ಲಿ ಜಪಾನಿನಲ್ಲಿ ರೂಪುಗೊಂಡ ಈ ಬಗೆಯ ಸಾಧನಗಳು ಹಲವು ದೇಶಗಳಲ್ಲಿ ಕ್ರೀಡೆಗೆ ಬಳಕೆಯಲ್ಲಿವೆ. ವಿದೇಶದಿಂದ ಮರಳುವವರು ಇವನ್ನು ಉಡುಗೊರೆಯಾಗಿ ತರಲು ಬಯಸುವುದುಂಟು. ಇದು ಆಟಿಕೆಯೋ ಆಯುಧವೋ, ಪರವಾನಗಿ ಬೇಕೋ ಬೇಡವೋ ಎಂಬ ಪ್ರಶ್ನೆಗೆ ಸಂಬಂಧಿಸಿದ ಕಾನೂನಿನ ಅಂಶಗಳನ್ನೂ ಸುರಕ್ಷತೆಯ ವಿಷಯಗಳನ್ನೂ ಇಲ್ಲಿ ವಿವರಿಸಲಾಗಿದೆ.

ಕಾನೂನು ಏನು ಹೇಳುತ್ತದೆ

ಆಯುಧ ಅಧಿನಿಯಮ, 1959ರ 2ನೇ ಪ್ರಕರಣದಲ್ಲಿ ಬಂದೂಕು ವರ್ಗದ ಆಯುಧಗಳ ಪರಿಭಾಷೆಯು ಸಿಡಿಮದ್ದಿಗೆ ಮಾತ್ರ ಸೀಮಿತವಾಗಿಲ್ಲ. ಸ್ಫೋಟಕದಿಂದಾಗಲಿ ಅಥವಾ ಇತರ ಯಾವುದೇ ರೂಪದ ಶಕ್ತಿಯಿಂದಾಗಲಿ ಗುಂಡನ್ನು ಹಾರಿಸಲು ರಚಿಸಿದ ಸಾಧನವು ಅದರಲ್ಲಿ ಸೇರುತ್ತದೆ. ಆದ್ದರಿಂದ "ಇದರಲ್ಲಿ ಮದ್ದೇ ಇಲ್ಲ, ಬರೀ ಗ್ಯಾಸ್" ಎಂಬ ಸಮಜಾಯಿಷಿಯು ಕಾನೂನಿನ ಮುಂದೆ ನಿಲ್ಲುವುದಿಲ್ಲ.

ಇದೇ ಅಧಿನಿಯಮದ 6ನೇ ಪ್ರಕರಣವು ಅನುಕರಣ ಬಂದೂಕು ಎಂದರೇನೆಂದು ವಿವರಿಸುತ್ತದೆ. ಗುಂಡು ಹಾರಿಸಬಲ್ಲದೋ ಇಲ್ಲವೋ ಎಂಬುದನ್ನು ಅದು ಲೆಕ್ಕಿಸುವುದಿಲ್ಲ. ಬಂದೂಕಿನ ತೋರಿಕೆ ಇರುವ ಯಾವುದೇ ವಸ್ತು ಅನುಕರಣ ಬಂದೂಕೇ ಆಗುತ್ತದೆ. ಸಾರ್ವಜನಿಕರು ಮುಖ್ಯವಾಗಿ ಗಮನಿಸಬೇಕಾದ ಅಂಶ ಇದೇ ಆಗಿದೆ. ಸಾಧನವು ಎಷ್ಟೇ ದುರ್ಬಲವಾಗಿದ್ದರೂ ಅದರ ಆಕಾರವೇ ಕೆಲವು ಹೊಣೆಗಳನ್ನು ಮಾಲೀಕನ ಮೇಲೆ ಹೊರಿಸುತ್ತದೆ. ಅಂತಹ ವಸ್ತುವನ್ನು ಪರವಾನಗಿ ಇಲ್ಲದೆ ನಿಜವಾದ ಬಂದೂಕಾಗಿ ಪರಿವರ್ತಿಸುವುದು ಅಪರಾಧವಾಗಿದ್ದು, 2019ರ ತಿದ್ದುಪಡಿಯ ನಂತರ ಕನಿಷ್ಠ 7 ವರ್ಷಗಳಿಂದ ಜೀವಾವಧಿಯವರೆಗೆ ಕಾರಾಗೃಹವಾಸ ವಿಧಿಸಬಹುದಾಗಿದೆ. ಬಂಧನವನ್ನು ತಡೆಯುವ ಉದ್ದೇಶದಿಂದ ಅನುಕರಣ ಬಂದೂಕನ್ನು ತೋರಿಸಿದರೂ 28ನೇ ಪ್ರಕರಣದ ಮೇರೆಗೆ 7 ವರ್ಷಗಳವರೆಗೆ ಶಿಕ್ಷೆಯುಂಟು. ಯಾರನ್ನಾದರೂ ಬೆದರಿಸಲು ಬಳಸಿದಲ್ಲಿ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 351ನೇ ಪ್ರಕರಣವೂ ಅನ್ವಯಿಸಬಹುದು. ಅದು ಪ್ಲಾಸ್ಟಿಕ್ ಗುಂಡಿನದೆಂಬುದು ಎದುರಿಗಿರುವ ವ್ಯಕ್ತಿಗೆ ತಿಳಿಯುವ ಮಾರ್ಗವಿಲ್ಲ. ಸ್ಥಳಕ್ಕೆ ಬರುವ ಪೊಲೀಸ್ ಸಿಬ್ಬಂದಿಗೂ ತಿಳಿಯುವುದಿಲ್ಲ.

ನಳಿಗೆಯ ತುದಿಗೆ ಕಿತ್ತಳೆ ಬಣ್ಣ ಬಳಿದಿದ್ದರೆ ಆಟಿಕೆಯಾಗುತ್ತದೆ ಎಂಬ ನಂಬಿಕೆಯೂ ಪ್ರಚಲಿತದಲ್ಲಿದೆ. ಅದು ಅಮೆರಿಕದ 1988ರ ಕಾನೂನಿನಿಂದ ಬಂದ ರೂಢಿ. ನಮ್ಮ ಅಧಿನಿಯಮದ ಪರಿಭಾಷೆಯಲ್ಲಿ ಬಣ್ಣದ ಪ್ರಸ್ತಾಪವೇ ಇಲ್ಲ.

ಶಕ್ತಿ ಮತ್ತು ನಳಿಗೆಯ ವ್ಯಾಸ

ಆಯುಧ ನಿಯಮಗಳು, 2016ರ ಪ್ರಕಾರ, ನಳಿಗೆಯ ತುದಿಯಲ್ಲಿ ಗುಂಡಿನ ಶಕ್ತಿ 20 ಜೂಲ್ ಮೀರುವ ಅಥವಾ ನಳಿಗೆಯ ಒಳವ್ಯಾಸ 0.177 ಅಂಗುಲ, ಅಂದರೆ 4.5 ಮಿ.ಮೀ. ಮೀರುವ ವಾಯು ಆಯುಧಗಳಿಗೆ ಪರವಾನಗಿ ಅಗತ್ಯವಾಗಿದೆ. ಪೇಟೆಯಲ್ಲಿ ಪರವಾನಗಿ ಇಲ್ಲದೆ ದೊರೆಯುವ ಸಾಮಾನ್ಯ ಏರ್‌ಗನ್‌ಗಳು 0.177 ಅಂಗುಲದವೇ ಆಗಿರಲು ಹಾಗೂ 0.22 ಅಂಗುಲದ ಏರ್‌ರೈಫಲಿಗೆ ಪರವಾನಗಿ ಕೇಳಲು ಇದೇ ಕಾರಣ.

ಏರ್‌ಸಾಫ್ಟ್ ಸಾಧನದ ವಿಷಯದಲ್ಲಿ ಈ ಎರಡು ಅಳತೆಗಳು ಬೇರೆ ಬೇರೆ ದಿಕ್ಕಿಗೆ ಸಾಗುತ್ತವೆ. 0.20 ಗ್ರಾಂ ತೂಕದ ಗುಂಡು ಸೆಕೆಂಡಿಗೆ 100 ಮೀಟರ್ ವೇಗದಲ್ಲಿ ಹೊರಬಿದ್ದರೆ ಅದರ ಶಕ್ತಿ ಕೇವಲ 1 ಜೂಲ್. ಮಿತಿಯ ಇಪ್ಪತ್ತರಲ್ಲಿ ಒಂದು ಪಾಲು ಮಾತ್ರ. ಆದರೆ ನಳಿಗೆಯ ಒಳವ್ಯಾಸವು 6 ಮಿ.ಮೀ.ಗಿಂತ ತುಸು ಹೆಚ್ಚೇ ಇರುತ್ತದೆ, ಅಂದರೆ ಮಿತಿಯನ್ನು ಸ್ಪಷ್ಟವಾಗಿ ಮೀರುತ್ತದೆ. ಶಕ್ತಿ ಕಡಿಮೆ ಎಂಬ ಒಂದೇ ಆಧಾರದ ಮೇಲೆ ಪರವಾನಗಿ ಬೇಡವೆಂದು ಮಾರಾಟಗಾರರು ಹೇಳುವ ಮಾತನ್ನು ನಂಬಿ ಖರೀದಿಸುವುದು ವಿವೇಕವಲ್ಲ. ಮಾರಾಟಗಾರನ ಬಾಯಿಮಾತು ತನಿಖೆಯ ಕಾಲದಲ್ಲಿ ಖರೀದಿದಾರನ ನೆರವಿಗೆ ಬರುವುದಿಲ್ಲ.

ಕೊಡಗಿನ ಮೂಲನಿವಾಸಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯು ತಮಗೂ ಅನ್ವಯಿಸುತ್ತದೆಯೇ ಎಂದು ಆ ಜಿಲ್ಲೆಯವರಿಗೆ ಸಂದೇಹ ಬರುವುದು ಸಹಜ. ಕೇಂದ್ರ ಸರ್ಕಾರವು 2019ರಲ್ಲಿ 2029ರವರೆಗೆ ವಿಸ್ತರಿಸಿರುವ ಸದರಿ ವಿನಾಯಿತಿ ರೈಫಲ್ ಮತ್ತು ಕೋವಿಗೆ ಸಂಬಂಧಿಸಿದ್ದು. ಪಿಸ್ತೂಲು ಹಾಗೂ ರಿವಾಲ್ವರ್ ಅದರಲ್ಲಿ ಬರುವುದಿಲ್ಲ.

ವಿದೇಶದಿಂದ ತರುವವರಿಗೆ

ಅಧಿನಿಯಮದ 10ನೇ ಪ್ರಕರಣದಂತೆ ಸಮುದ್ರ, ಭೂಮಿ ಅಥವಾ ವಾಯುಮಾರ್ಗದಲ್ಲಿ ಆಯುಧವನ್ನು ದೇಶದೊಳಗೆ ತರಲು ಪರವಾನಗಿ ಇರಬೇಕು. ಸುಂಕದ ವರ್ಗೀಕರಣದಲ್ಲಿ ಸ್ಪ್ರಿಂಗ್, ಗಾಳಿ ಅಥವಾ ಅನಿಲದಿಂದ ಕೆಲಸ ಮಾಡುವ ಬಂದೂಕು ಮತ್ತು ಪಿಸ್ತೂಲುಗಳಿಗೆ 9304 ಎಂಬ ಶೀರ್ಷಿಕೆಯಿದೆ; ಆಟಿಕೆಗಳದು 9503. ಪೆಟ್ಟಿಗೆಯ ಮೇಲೆ ಆಟಿಕೆ ಎಂದು ಮುದ್ರಿಸಿದ್ದ ಮಾತ್ರಕ್ಕೆ ವರ್ಗ ಬದಲಾಗದು. ಜಪಾನ್, ಅಮೆರಿಕ ಅಥವಾ ಕೊಲ್ಲಿ ರಾಷ್ಟ್ರಗಳಲ್ಲಿ ನೆಲೆಸಿರುವ ಬಂಧುಗಳಿಗೆ ಇಂತಹ ಉಡುಗೊರೆ ತರಲು ಹೇಳುವ ಮುನ್ನ ಇದನ್ನು ತಿಳಿಸುವುದು ಒಳಿತು. ವಿಮಾನ ನಿಲ್ದಾಣದ ಸುಂಕ ಅಧಿಕಾರಿಗಳ ಎದುರು ಉತ್ತರ ಕೊಡಬೇಕಾದವರು ತಂದವರೇ. ಪ್ರತಿಕೃತಿಯನ್ನು ಕೈಚೀಲದಲ್ಲಿ ಇಟ್ಟುಕೊಂಡು ವಿಮಾನ ಏರುವಂತಿಲ್ಲ.

ಸ್ಪಷ್ಟನೆ ಮತ್ತು ಅರ್ಜಿ

ಖರೀದಿಗೆ ಮುನ್ನವೇ ಪರವಾನಗಿ ಪ್ರಾಧಿಕಾರಕ್ಕೆ ಲಿಖಿತ ಮನವಿ ಸಲ್ಲಿಸಿ ಸ್ಪಷ್ಟನೆ ಪಡೆಯುವುದು ಸೂಕ್ತ. ಪೊಲೀಸ್ ಕಮಿಷನರೇಟ್ ವ್ಯಾಪ್ತಿಯ ನಗರಗಳಲ್ಲಿ ಪೊಲೀಸ್ ಆಯುಕ್ತರು, ಇತರೆಡೆ ಜಿಲ್ಲಾ ದಂಡಾಧಿಕಾರಿಯೂ ಆಗಿರುವ ಜಿಲ್ಲಾಧಿಕಾರಿಗಳು ಪರವಾನಗಿ ಪ್ರಾಧಿಕಾರವಾಗಿರುತ್ತಾರೆ. ಮನವಿಯಲ್ಲಿ ತಯಾರಕರ ಹೆಸರು, ಮಾದರಿ, ನಳಿಗೆಯ ಒಳವ್ಯಾಸ, ಯಾವ ತೂಕದ ಗುಂಡಿಗೆ ಎಷ್ಟು ಶಕ್ತಿ ಎಂಬ ವಿವರ, ಬಳಸುವ ಅನಿಲ ಹಾಗೂ ಹೊಂದುವ ಉದ್ದೇಶವನ್ನು ನಮೂದಿಸಿ, ಎರಡೂ ಬದಿಯ ಛಾಯಾಚಿತ್ರ ಲಗತ್ತಿಸಬೇಕು. ತಯಾರಕರ ಕೈಪಿಡಿಯ ಪ್ರತಿಯಿದ್ದರೆ ಮತ್ತೂ ಒಳ್ಳೆಯದು. ಸ್ವೀಕೃತಿ ಪಡೆಯಲು ಮರೆಯಬಾರದು.

ಪರವಾನಗಿ ಅಗತ್ಯವೆಂದು ತಿಳಿಸಿದಲ್ಲಿ ನಮೂನೆ ಎ-1ರಲ್ಲಿ ಅರ್ಜಿ ಸಲ್ಲಿಸತಕ್ಕದ್ದು. ಗುರುತು ಮತ್ತು ವಾಸಸ್ಥಳದ ದಾಖಲೆ, ಭಾವಚಿತ್ರ, ವೈದ್ಯಕೀಯ ಪ್ರಮಾಣಪತ್ರ ಹಾಗೂ ಸುರಕ್ಷತಾ ತರಬೇತಿಯ ಪ್ರಮಾಣಪತ್ರ ಬೇಕಾಗುತ್ತವೆ. ಪೊಲೀಸ್ ವರದಿ ಬಂದ ನಂತರವೇ ತೀರ್ಮಾನವಾಗುತ್ತದೆ. ಬಂದೂಕು ವರ್ಗಕ್ಕೆ ಸೇರಿದ ಸಾಧನವನ್ನು, ನಿಯಮಗಳಲ್ಲಿ ಹೇಳಿದ ಗುರಿ ತರಬೇತಿಯ ಸಂದರ್ಭ ಹೊರತುಪಡಿಸಿ, 21 ವರ್ಷ ತುಂಬದವರು ಹೊಂದುವಂತಿಲ್ಲ. 2019ರ ಡಿಸೆಂಬರ್‌ನಿಂದ ಒಬ್ಬ ವ್ಯಕ್ತಿ ಹೊಂದಬಹುದಾದ ಬಂದೂಕುಗಳ ಗರಿಷ್ಠ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿದಿದೆ. ಪರವಾನಗಿಯ ಅವಧಿ 5 ವರ್ಷ. ಅರ್ಜಿ ತಿರಸ್ಕೃತವಾದರೆ 18ನೇ ಪ್ರಕರಣದಂತೆ ಮೇಲ್ಮನವಿಗೆ ಅವಕಾಶವಿದೆ.

ಬಳಕೆಯಲ್ಲಿ ಎಚ್ಚರಿಕೆ

ಕಾನೂನುಬದ್ಧವಾಗಿ ಹೊಂದಿದವರು ಇದನ್ನು ನಿಜವಾದ ರಿವಾಲ್ವರ್ ಎಂದೇ ಭಾವಿಸಿ ನಿರ್ವಹಿಸಬೇಕು. ಹಿಡಿಯೊಳಗಿನ ಕೋಶದಲ್ಲಿ ಅನಿಲವಿರುತ್ತದೆ. ಟ್ರಿಗರ್ ಎಳೆದಾಗ ಸಿಲಿಂಡರ್ ಒಂದು ಮನೆಯಷ್ಟು ತಿರುಗಿ, ಸುತ್ತಿಗೆಯು ಕವಾಟಕ್ಕೆ ಬಡಿದು, ಹೊರನುಗ್ಗಿದ ಅನಿಲವು ಗುಂಡನ್ನು ತಳ್ಳುತ್ತದೆ. ಪಿಸ್ತೂಲಿನಂತೆ ಕಳಚಿ ಪಕ್ಕಕ್ಕಿಡುವ ಮ್ಯಾಗಜೀನ್ ಇದರಲ್ಲಿಲ್ಲ. ಖಾಲಿಯಾಗಿದೆಯೇ ಎಂದು ತಿಳಿಯಲು ಸಿಲಿಂಡರನ್ನು ಹೊರತೆರೆದು ಪ್ರತಿಯೊಂದು ಮನೆಯನ್ನೂ ಕಣ್ಣಾರೆ ನೋಡಬೇಕು. ಒಮ್ಮೆ ಟ್ರಿಗರ್ ಎಳೆದು ಏನೂ ಹಾರಲಿಲ್ಲವೆಂದ ಮಾತ್ರಕ್ಕೆ ಖಾಲಿಯೆಂದು ತಿಳಿಯಬಾರದು. ಮುಂದಿನ ಮನೆಯಲ್ಲಿ ಗುಂಡಿರಬಹುದು.

1 ಜೂಲ್ ಶಕ್ತಿಯ ಗುಂಡು ಚರ್ಮಕ್ಕೆ ಬಾಸುಂಡೆ ಬರಿಸಬಹುದು, ಕಣ್ಣಿಗೆ ತಗುಲಿದರೆ ದೃಷ್ಟಿಯನ್ನೇ ಕಳೆಯಬಹುದು. ಹಾರಿಸುವವರು ಮಾತ್ರವಲ್ಲ, ಸುತ್ತ ಇರುವ ಪ್ರತಿಯೊಬ್ಬರೂ ಹೊಡೆತ ತಡೆಯುವ ಕನ್ನಡಕ ಧರಿಸಬೇಕು. ಸಾಧಾರಣ ಓದುವ ಕನ್ನಡಕ ಸಾಲದು. ಗೋಡೆ, ಕಲ್ಲು, ಗಾಜಿಗೆ ಬಡಿದ ಗುಂಡು ಹಿಂದಿರುಗಿ ಚಿಮ್ಮುತ್ತದೆ. ಪಕ್ಷಿಗಳಿಗೆ ಗುರಿಯಿಡುವುದು ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರ ವ್ಯಾಪ್ತಿಗೆ ಬರುತ್ತದೆ.

ಅನಿಲದ ಬಗ್ಗೆ ನಮ್ಮ ಹವಾಮಾನದಲ್ಲಿ ವಿಶೇಷ ಗಮನ ಬೇಕು. ಕೆಲವು ಮಾದರಿಗಳು 12 ಗ್ರಾಂ ಇಂಗಾಲದ ಡೈ ಆಕ್ಸೈಡ್ ಕೊಳವೆಗಳನ್ನು ಬಳಸುತ್ತವೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇದರ ಒತ್ತಡ ಸುಮಾರು 57 ಬಾರ್. 31 ಡಿಗ್ರಿ ದಾಟಿದರೆ ಅದು ದ್ರವವಾಗಿ ಉಳಿಯುವುದೇ ಇಲ್ಲ. ಅಲ್ಲಿಂದ ಮುಂದೆ ಒತ್ತಡವು ತೀವ್ರವಾಗಿ ಏರುತ್ತದೆ. ರಾಯಚೂರು, ಕಲಬುರಗಿ ಜಿಲ್ಲೆಗಳಲ್ಲಿ ಬೇಸಿಗೆಯ ನೆರಳಿನ ತಾಪಮಾನವೇ 40 ಡಿಗ್ರಿ ಮೀರುವಾಗ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಸ್ಥಿತಿ ಹೇಳಬೇಕಾಗಿಲ್ಲ. ಕೊಳವೆಗಳನ್ನಾಗಲಿ ಅನಿಲ ತುಂಬಿದ ಸಾಧನವನ್ನಾಗಲಿ ವಾಹನದಲ್ಲಿ ಬಿಟ್ಟುಹೋಗಬಾರದು. ಬಿಸಿ ಹೆಚ್ಚಿದಂತೆ ಗುಂಡಿನ ವೇಗವೂ ಹೆಚ್ಚುವುದರಿಂದ, ಪೆಟ್ಟಿಗೆಯ ಮೇಲೆ ಮುದ್ರಿಸಿದ ಶಕ್ತಿಯ ಅಂಕಿಯನ್ನು ನಮ್ಮ ಬೇಸಿಗೆಗೂ ಹಾಗೆಯೇ ಅನ್ವಯಿಸಲಾಗದು. ಇನ್ನು ಕೆಲವು ಮಾದರಿಗಳಿಗೆ ಡಬ್ಬಿಯಿಂದ ತುಂಬುವ ಅನಿಲವು ಹೆಚ್ಚಾಗಿ ಸಿಲಿಕೋನ್ ಎಣ್ಣೆ ಬೆರೆಸಿದ ಪ್ರೊಪೇನ್ ಆಗಿರುತ್ತದೆ. ಅಡುಗೆ ಅನಿಲದ ಒಂದು ಘಟಕವೂ ಇದೇ. ಒಲೆ, ದೀಪ, ಬೀಡಿ-ಸಿಗರೇಟಿನ ಬಳಿ ತುಂಬಬಾರದು.

ಸಾಗಿಸುವಾಗ ಖಾಲಿ ಮಾಡಿ, ಮುಚ್ಚಿದ ಪೆಟ್ಟಿಗೆಯಲ್ಲಿ, ಖರೀದಿ ರಸೀದಿ ಹಾಗೂ ಪರವಾನಗಿ ಅಥವಾ ಸ್ಪಷ್ಟನೆಯ ಪ್ರತಿಯೊಂದಿಗೆ ಒಯ್ಯಬೇಕು. ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುವುದು, ಮದುವೆ ಮೆರವಣಿಗೆಗಳಲ್ಲಿ ಪ್ರದರ್ಶಿಸುವುದು, ಛಾಯಾಚಿತ್ರಕ್ಕಾಗಿ ಬೀದಿಯಲ್ಲಿ ಗುರಿಯಿಟ್ಟು ನಿಲ್ಲುವುದು ಬೇಡ. ಪೊಲೀಸರು ತಡೆದಾಗ ಸಾಧನವನ್ನು ಕೈಗೆತ್ತಿಕೊಂಡು ತೋರಿಸಲು ಹೋಗದೆ, ಎಲ್ಲಿದೆ ಎಂದು ಬಾಯಿಯಲ್ಲಿ ತಿಳಿಸಿ, ಅವರು ಹೇಳಿದಂತೆ ನಡೆಯಬೇಕು. ಮನೆಯಲ್ಲಿ ಬೀಗ ಹಾಕಿದ ಕಪಾಟಿನಲ್ಲಿ ಮಕ್ಕಳ ಕೈಗೆ ಸಿಗದಂತೆ ಇಡುವುದು ಮಾಲೀಕರ ಹೊಣೆ.

ಈಗಾಗಲೇ ಇಂತಹ ಸಾಧನ ಮನೆಯಲ್ಲಿದ್ದು ಅದರ ಕಾನೂನು ಸ್ಥಿತಿ ಸಂದೇಹಾಸ್ಪದವೆನಿಸಿದರೆ ಇನ್ನೊಬ್ಬರಿಗೆ ಮಾರುವುದಾಗಲಿ, ಕೊಡುವುದಾಗಲಿ, ಕೆರೆ-ಹೊಳೆಗೆ ಎಸೆಯುವುದಾಗಲಿ ಮಾಡಬಾರದು. ಪರವಾನಗಿಯ ಅವಧಿ ಮುಗಿದು ಅಥವಾ ಇತರ ಕಾರಣದಿಂದ ಹೊಂದುವುದು ಕಾನೂನುಬದ್ಧವಲ್ಲದಾದ ಆಯುಧವನ್ನು ವಿಳಂಬವಿಲ್ಲದೆ ಹತ್ತಿರದ ಪೊಲೀಸ್ ಠಾಣೆಯಲ್ಲಿ ಅಥವಾ ಪರವಾನಗಿ ಹೊಂದಿದ ಆಯುಧ ವ್ಯಾಪಾರಿಯಲ್ಲಿ ಠೇವಣಿ ಇಡಲು 21ನೇ ಪ್ರಕರಣವು ಸೂಚಿಸುತ್ತದೆ. ಠೇವಣಿ ಇಟ್ಟ ನಂತರ ಠಾಣೆಯಿಂದ ರಸೀದಿ ಪಡೆದು ಇಟ್ಟುಕೊಳ್ಳಲು ಕೋರಲಾಗಿದೆ.