ದೀಪಕ್ಕೆ ರೋಧಕವೇಕೆ?

ಕೆಲವು ವರ್ಷಗಳ ಹಿಂದೆ ಶ್ರೀನಿವಾಸಪುರದ ಕಡೆಯ ಒಂದು ಹಳ್ಳಿಯಲ್ಲಿ, ವಿದ್ಯಾರ್ಥಿಗಳು ಕೈಯಾರೆ ಕಟ್ಟಿದ ಎಲ್‌ಇಡಿ ದೀಪವೊಂದನ್ನು ನನಗೆ ತೋರಿಸಲು ತಂದರು. ಅದರಲ್ಲಿ ರೋಧಕವೆಂಬ ಪುಟ್ಟ ಅಂಗವೊಂದಿತ್ತು. 'ರೋಧವೆಂದರೆ ಅಡ್ಡಿಯಲ್ಲವೆ? ಅಡ್ಡಿಯನ್ನು ತೆಗೆದರೆ ಬೆಳಕು ಹೆಚ್ಚಬೇಕಷ್ಟೆ' ಎಂದು ತರ್ಕಿಸಿದ ಒಬ್ಬ ಹುಡುಗನು ಅದನ್ನು ಕಿತ್ತು, ತಂತಿಯನ್ನು ನೇರವಾಗಿ ಜೋಡಿಸಿದನು. ದೀಪವು ಒಂದು ಕ್ಷಣ ಪ್ರಜ್ವಲಿಸಿ ಶಾಶ್ವತವಾಗಿ ನಂದಿತು. ತಪ್ಪು ಹುಡುಗನದಲ್ಲ, ಶಬ್ದಾರ್ಥವನ್ನು ಪೂರ್ತಿಯಾಗಿ ತಿಳಿಸದ ನಮ್ಮದು. ಆದಕಾರಣ ಈ ರೋಧಕದ ಚರಿತ್ರೆಯನ್ನೂ ಅರ್ಥವನ್ನೂ ಸಂಕ್ಷೇಪವಾಗಿ ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ವಿದ್ಯುತ್ತಿನ ವಿಷಯದಲ್ಲಿ ಕೋಲಾರದ ಸೀಮೆಗೆ ಒಂದು ಪ್ರಾಚೀನತೆಯುಂಟು. 1902ನೆಯ ಇಸವಿ ಜೂನ್ 30ರಂದು ಶಿವನಸಮುದ್ರದಲ್ಲಿ ಉತ್ಪನ್ನವಾದ ವಿದ್ಯುಚ್ಛಕ್ತಿಯು 92 ಮೈಲಿ ದೂರ ತಂತಿಯಲ್ಲಿ ಹರಿದುಬಂದು ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. ಆ ಯೋಜನೆಗೆ ಒತ್ತಾಸೆಯಾಗಿದ್ದ ದಿವಾನ್ ಕೆ. ಶೇಷಾದ್ರಿ ಅಯ್ಯರವರು 1901ರಲ್ಲಿಯೇ ಕಾಲವಾದ್ದರಿಂದ ಅದರ ಫಲವನ್ನು ಕಾಣಲಿಲ್ಲ. ಗಣಿಗಳು 2001ರಲ್ಲಿ ಮುಚ್ಚಿದವು.

ಅದೇ 1902ರಲ್ಲಿ ಇಂಗ್ಲೆಂಡಿನ ವಿದುಷಿ ಹರ್ತಾ ಏರ್ಟನ್ ಎಂಬವರು ವಿದ್ಯುಚ್ಚಾಪವನ್ನು ಕುರಿತ ಮಹಾಗ್ರಂಥವನ್ನು ಪ್ರಕಟಿಸಿದರು. ಎರಡು ಇದ್ದಲಕಡ್ಡಿಗಳ ನಡುವೆ ಉರಿಯುವ ಚಾಪದೀಪದ ಸ್ವಭಾವ ವಿಚಿತ್ರವಾದುದು. ಪ್ರವಾಹ ಹೆಚ್ಚಿದಷ್ಟೂ ಅದು ಬೇಡುವ ಒತ್ತಡ ಕಡಮೆಯಾಗುತ್ತದೆ. ತಡೆಯಿಲ್ಲದಿದ್ದರೆ ಪ್ರವಾಹವು ಮತ್ತೂ ಹೆಚ್ಚಿ ಅನರ್ಥವಾಗುತ್ತದೆ. ಆದುದರಿಂದ ಚಾಪದೀಪದೊಡನೆ ಒಂದು ರೋಧವನ್ನು ಜೋಡಿಸುವುದು ಅನಿವಾರ್ಯವಾಗಿತ್ತು. ಅನಂತರ ಮನೆಮನೆಗೂ ಬಂದ ತಂತುದೀಪಕ್ಕೆ ಈ ಕಾವಲು ಬೇಕಾಗಲಿಲ್ಲ. ಕಾದ ತಂತಿಯ ರೋಧವು ತಣ್ಣಗಿರುವಾಗಿನದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚಾಗುವುದರಿಂದ ಅದು ತನ್ನನ್ನು ತಾನೇ ನಿಗ್ರಹಿಸಿಕೊಳ್ಳುತ್ತಿತ್ತು. ನಮ್ಮ ಜನ ರೋಧಕವನ್ನು ಮರೆತುದು ಈ ಅವಧಿಯಲ್ಲಿಯೇ ಎಂದು ನನಗೆ ತೋರುತ್ತದೆ. ಕೊಳವೆದೀಪದೊಡನೆ 'ಚೋಕು' ಬಂದಾಗ ಆ ನೆನಪು ಅರ್ಧ ಮರಳಿತು.

ಎಲ್‌ಇಡಿಯ ವೃತ್ತಾಂತವೂ ಹಳೆಯದೇ. ಕಾರ್ಬೊರಂಡಮ್ ಹರಳಿನಲ್ಲಿ ವಿದ್ಯುತ್ತು ಹರಿದಾಗ ಬೆಳಕು ಹೊಮ್ಮುವುದನ್ನು 1907ರಲ್ಲಿ ಎಚ್. ಜೆ. ರೌಂಡ್ ಎಂಬವರು ಕಂಡರು. 1962ರಲ್ಲಿ ನಿಕ್ ಹೊಲೊನ್ಯಾಕ್ ಕಣ್ಣಿಗೆ ಕಾಣುವ ಕೆಂಪು ಬೆಳಕಿನ ಡಯೋಡನ್ನು ನಿರ್ಮಿಸಿದರು. ಅವರು ಆಗ ಕೆಲಸಮಾಡುತ್ತಿದ್ದುದು, ಶಿವನಸಮುದ್ರಕ್ಕೆ ವಿದ್ಯುದ್ಯಂತ್ರಗಳನ್ನು ಒದಗಿಸಿದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿಯೇ ಎಂಬುದು ಗಮನಾರ್ಹ. ನೀಲಿ ಡಯೋಡಿಗಾಗಿ ಅಕಸಾಕಿ, ಅಮಾನೊ, ನಕಮುರ ಈ ಮೂವರಿಗೆ 2014ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಈಗಿನ ಬಿಳಿಯ ದೀಪಗಳಿಗೆ ಅದೇ ಮೂಲ.

ಈ ಡಯೋಡು ಸ್ವಭಾವದಲ್ಲಿ ತಂತುದೀಪದ ಕುಲದ್ದಲ್ಲ. ನಿಯತವಾದ ಒತ್ತಡ ಬರುವವರೆಗೆ ಅದು ಮೌನ. ದಾಟಿದೊಡನೆ ಒತ್ತಡದ ಅಲ್ಪವೃದ್ಧಿಗೂ ಪ್ರವಾಹವು ಅನೇಕ ಪಟ್ಟು ಏರುತ್ತದೆ. ಕಾದಂತೆಲ್ಲ ಇನ್ನೂ ಹೆಚ್ಚು ಪ್ರವಾಹವನ್ನು ಬಿಡುತ್ತದೆ. ಆದಕಾರಣ ಅದಕ್ಕೆ ಹೊರಗಿನ ಕಾವಲು ಅವಶ್ಯ. ರೋಧಕವನ್ನು ಗೊತ್ತುಮಾಡುವ ಕ್ರಮವು ಓಮ್ ಎಂಬ ಜರ್ಮನ್ ಪಂಡಿತನು 1827ರಲ್ಲಿ ಪ್ರಕಟಿಸಿದ ಸೂತ್ರದಿಂದಲೇ ಸಿದ್ಧಿಸುತ್ತದೆ: ಆಕರದ ಒತ್ತಡದಲ್ಲಿ ದೀಪಗಳ ಒತ್ತಡವನ್ನು ಕಳೆದು, ಉಳಿದುದನ್ನು ಬೇಕಾದ ಪ್ರವಾಹದಿಂದ ಭಾಗಿಸಬೇಕು.

ಉದಾಹರಣೆಗೆ, ಒಂದೊಂದಕ್ಕೆ 3.2 ವೋಲ್ಟ್ ಬೇಕಾದ ಮೂರು ಬಿಳಿಯ ಡಯೋಡುಗಳನ್ನು ಸಾಲಾಗಿ ಜೋಡಿಸಿದರೆ 9.6 ವೋಲ್ಟ್ ಆಯಿತು. ಬ್ಯಾಟರಿ 12 ವೋಲ್ಟಿನದೆಂದು ಗಣಿಸಿದರೆ ಉಳಿಕೆ 2.4, ಪ್ರವಾಹವು 0.02 ಆಂಪಿಯರ್ ಆಗಬೇಕಾದರೆ ರೋಧ 120 ಓಮ್. ಲೆಕ್ಕ ಸರಿ, ಆದರೆ ಫಲ ಕೆಡುಕು. ಅದೇ ಬ್ಯಾಟರಿ ಬಿಸಿಲಿನಲ್ಲಿ ವಿದ್ಯುತ್ತು ತುಂಬುವಾಗ 14.4 ವೋಲ್ಟಿಗೆ ಏರುತ್ತದೆ. ಆಗ ಉಳಿಕೆ 4.8, ಪ್ರವಾಹವು ಹೆಚ್ಚು ಕಡಮೆ ಇಮ್ಮಡಿ. ಆದ್ದರಿಂದ ಪರಮಾವಧಿ ಒತ್ತಡವನ್ನು ಹಿಡಿದು 240 ಓಮ್ ಆರಿಸುವುದು ಯುಕ್ತ. ಬ್ಯಾಟರಿ ಇಳಿದಾಗ ಬೆಳಕು ಮಂದವಾದೀತು, ದೀಪ ಉಳಿದೀತು. ರೋಧಕವು ಆಗ ಕಾಯುವುದು ಸುಮಾರು 0.1 ವಾಟ್ ಮಾತ್ರ. ಕಾಲು ವಾಟಿನದು ಸಾಕು. ದೀಪಗಳ ಸಾಲುಗಳು ಹಲವಾದರೆ ಸಾಲಿಗೊಂದು ರೋಧಕವಿರಬೇಕು. ಎಲ್ಲಕ್ಕೂ ಒಂದನ್ನೇ ಇಟ್ಟರೆ ಕಡಮೆ ಒತ್ತಡದ ಸಾಲೇ ಹೆಚ್ಚು ಪ್ರವಾಹವನ್ನು ಕಬಳಿಸಿ ಮೊದಲು ನಾಶವಾಗುತ್ತದೆ.

ಕೆರೆಗಳ ಸೀಮೆಯಲ್ಲಿ ಹುಟ್ಟಿದವರಿಗೆ ಇದು ಹೊಸತಲ್ಲ. ಹೊಲಕ್ಕೆ ನೀರು ಬರುವುದು ತೂಬಿನಿಂದ. ಏರಿಯನ್ನು ಒಡೆದು ಹೆಚ್ಚು ನೀರು ಪಡೆಯುವೆನೆಂಬ ರೈತನಿಲ್ಲ. ಕೋಡಿಯನ್ನು ಕಟ್ಟುವವನು ಬರಗಾಲವನ್ನಲ್ಲ, ಮಹಾವೃಷ್ಟಿಯನ್ನು ಎಣಿಸಿ ಕಟ್ಟುತ್ತಾನೆ. ಉಪಮಾನವು ಏಕದೇಶದಲ್ಲಿ ಮಾತ್ರ ಸಲ್ಲುವುದಾದರೂ ಬೋಧನೆಗೆ ಸಾಕು.

ಇನ್ನು ಶಬ್ದವಿಚಾರ. 'ರುಧ್' ಧಾತುವಿಗೆ ವೈಯಾಕರಣರು ಹೇಳುವ ಅರ್ಥ ಆವರಣ, ಅಂದರೆ ಸುತ್ತುಗಟ್ಟುವುದು. ಅದೇ ಧಾತುವಿನಿಂದ ವಿರೋಧವೂ ಹುಟ್ಟಿದೆ, ಅನುಸರಿಸಿ ನಡೆಯುವುದೆಂಬ ಅರ್ಥದ ಅನುರೋಧವೂ ಹುಟ್ಟಿದೆ. ಅಂತಃಪುರಕ್ಕೆ ಅವರೋಧವೆಂದು ಹೆಸರು. ಆದುದರಿಂದ ರೋಧಕವೆಂದರೆ ಬರಿಯ ಅಡ್ಡಿಯಲ್ಲ, ಕಟ್ಟೆಗಟ್ಟಿ ಕಾಯುವುದು. ಪಠ್ಯದ ಶಬ್ದವನ್ನು ಬದಲಿಸಬೇಕಾಗಿಲ್ಲ, ಅದರ ಪೂರ್ಣಾರ್ಥವನ್ನು ಹೇಳಿದರೆ ಸಾಕು.

ಮಾರನೆಯ ದಿನ ಆ ಹುಡುಗನಿಗೆ ಹೊಸ ರೋಧಕವನ್ನು ಕೊಟ್ಟು, ಅದರ ಮೈಮೇಲಿನ ಪಟ್ಟೆಗಳನ್ನು ಓದಿಸಿದೆನು: ಕೆಂಪು ಎರಡು, ಹಳದಿ ನಾಲ್ಕು, ಕಂದು ಹತ್ತರ ಗುಣಕ, ಒಟ್ಟು 240. ಕೊನೆಯ ಚಿನ್ನದ ಪಟ್ಟೆ ನೂರಕ್ಕೆ ಐದರ ವ್ಯತ್ಯಾಸವನ್ನು ಸೂಚಿಸುತ್ತದೆ. ಇದೂ ಒಂದು ಲಿಪಿಯೇ. ಓದಬಲ್ಲವನಿಗೆ ದೀಪ ಉಳಿಯುತ್ತದೆ. ಭಾಷಾಬೋಧಕರು ಇದನ್ನು ತಮ್ಮ ಕಾರ್ಯಕ್ಷೇತ್ರಕ್ಕೆ ಹೊರಗಿನದೆಂದು ಎಣಿಸಬಾರದೆಂದು ಪ್ರಾರ್ಥನೆ.