ಎರಡು ಮಾಧ್ಯಮ, ಒಂದು ವೇದಿಕೆ

ಶಾಲೆಯ ಮಕ್ಕಳ ಸಾಧನೆ ಮತ್ತು ಇಲ್ಲಿ ನಡೆದ ಉತ್ಸವಗಳ ಕುರಿತು ಒಂದು ಲೇಖನ ಬೇಕೆಂದು ಸುವರ್ಣ ಮಹೋತ್ಸವ ಸಮಿತಿಯವರು ಕೇಳಿಕೊಂಡರು. ಈ ಶಾಲೆಯ ಕನ್ನಡ ವಿಭಾಗದಲ್ಲಿ ಕಲಿತು, ಮುಂದೆ ಇಲ್ಲಿಯೇ ಸಮಾಜ ವಿಜ್ಞಾನದ ಅಧ್ಯಾಪಿಕೆಯಾಗಿದ್ದು ನಿವೃತ್ತಳಾದವಳು ನಾನು. ಬಹುಮಾನ ಪಡೆದವರ ಪಟ್ಟಿ ಈ ಸಂಚಿಕೆಯಲ್ಲಿ ಬೇರೆಯೇ ಇರುವುದರಿಂದ ಹೆಸರುಗಳನ್ನು ನಾನು ಮತ್ತೆ ಬರೆಯುವುದಿಲ್ಲ. ಆ ಪಟ್ಟಿಯಲ್ಲಿ ಕಾಣದ ಒಂದು ಸಂಗತಿಯನ್ನು ಹೇಳುವುದು ನನ್ನ ಉದ್ದೇಶ.

ಶಾಲೆಯ ಹಾಜರಿ ಪುಸ್ತಕಗಳ ಪ್ರಕಾರ ಇಲ್ಲಿರುವುದು ಎರಡು ಮಾಧ್ಯಮ, ಕನ್ನಡ ಮತ್ತು ಮಲಯಾಳ. ಆದರೆ ಮಕ್ಕಳು ಮನೆಯಲ್ಲಿ ಆಡುವ ಮಾತು ಎರಡಕ್ಕೆ ನಿಲ್ಲುವುದಿಲ್ಲ. ಕನ್ನಡ ವಿಭಾಗದ ಒಂದೇ ಬೆಂಚಿನಲ್ಲಿ ತುಳು, ಹವ್ಯಕ ಕನ್ನಡ, ಕೊಂಕಣಿ, ಮರಾಠಿ ಮಾತಾಡುವ ಮಕ್ಕಳು ಕೂರುತ್ತಾರೆ. ಪಕ್ಕದ ಕೋಣೆಯಲ್ಲಿ ಮಲಯಾಳ, ಬ್ಯಾರಿ ಮಾತಿನವರು. ಉರ್ದು ಮಾತಿನ ಮನೆಯವರೂ ಇದ್ದಾರೆ. ಕಾಸರಗೋಡನ್ನು ಸಪ್ತಭಾಷಾ ಸಂಗಮಭೂಮಿ ಎನ್ನುವುದು ಭಾಷಣದ ಅಲಂಕಾರವೆಂದು ಹೊರಗಿನವರಿಗೆ ತೋರಬಹುದು. ನಮ್ಮಲ್ಲಿ ಅದು ದಿನವೂ ಬೆಳಿಗ್ಗೆ ಗಂಟೆ ಹೊಡೆದಾಗ ಅಂಗಳದಲ್ಲಿ ಸಾಲಾಗಿ ನಿಲ್ಲುವ ವಿಷಯ.

ಈ ಎರಡು ಮಾಧ್ಯಮಗಳು ಹೇಗೆ ಬಂದವು ಎಂಬುದನ್ನು ಇಂದಿನ ಮಕ್ಕಳಿಗಾಗಿ ಚುಟುಕಾಗಿ ಹೇಳಬೇಕು. 1956ರ ನವೆಂಬರ್ 1ರಂದು ಭಾಷಾವಾರು ಪ್ರಾಂತ್ಯಗಳಾದಾಗ, ಅದುವರೆಗೆ ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಸರಗೋಡು ತಾಲೂಕು ಕೇರಳದ ಪಾಲಾಯಿತು. ಅದೇ ವರ್ಷ ಸಂವಿಧಾನಕ್ಕೆ ಮಾಡಿದ ಏಳನೆಯ ತಿದ್ದುಪಡಿಯಲ್ಲಿ 350ಎ ಎಂಬ ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸಲು ರಾಜ್ಯಗಳು ಸೌಕರ್ಯ ಒದಗಿಸಬೇಕೆಂಬುದು ಅದರ ಆಶಯ. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ವರದಿ ಕೊಟ್ಟಿತು. ಆ ವರದಿ ಜಾರಿಗೆ ಬರಲಿಲ್ಲ. ಗಡಿ ಎಲ್ಲಿತ್ತೋ ಅಲ್ಲಿಯೇ ಉಳಿಯಿತು, ಕನ್ನಡ ಶಾಲೆಗಳೂ ಉಳಿದುವು. ನಮ್ಮ ಶಾಲೆ ಹುಟ್ಟಿದ್ದು ಅದರ ನಂತರದ ದಿನಗಳಲ್ಲಿ. ಆಗ ನಮ್ಮದು ಕಣ್ಣೂರು ಜಿಲ್ಲೆ. 1984ರ ಮೇ 24ರಂದು ಕಾಸರಗೋಡು ಜಿಲ್ಲೆಯಾಯಿತು. ಮೊದಲ ತಂಡಗಳ ಎಸ್ಸೆಸ್ಸೆಲ್ಸಿ ಪುಸ್ತಕ ಯಾರ ಮನೆಯಲ್ಲಾದರೂ ಇದ್ದರೆ ಶಾಲೆಯ ವಿಳಾಸದಲ್ಲಿ ಕಣ್ಣೂರು ಎಂದಿರುವುದನ್ನು ಮೊಮ್ಮಕ್ಕಳಿಗೆ ತೋರಿಸಿ.

ಹೈಸ್ಕೂಲು ಮಂಜೂರಾದಾಗ ಕಟ್ಟಡವಿರಲಿಲ್ಲ. ಊರವರೇ ಕೆಂಪುಕಲ್ಲು ಹೊತ್ತರು, ತೆಂಗಿನ ಮಡಲಿನ ಮಾಡು ಹಾಕಿದರು. ಕಂಗಿನ ತೋಟದವರು ಮರ ಕೊಟ್ಟರು, ಮೀನಿನ ವ್ಯಾಪಾರಿಗಳು ಹಣ ಕೂಡಿಸಿದರು, ಕೂಲಿ ಮಾಡುವವರು ಭಾನುವಾರದ ಕೆಲಸವನ್ನು ಶಾಲೆಗೆ ಕೊಟ್ಟರು. ಕಲ್ಲು ಹೊತ್ತವರು ಇದು ಯಾವ ಭಾಷೆಯವರ ಕೋಣೆ ಎಂದು ಕೇಳಿರಲಿಲ್ಲ.

ಸಾಧನೆ ಎಂದರೆ ಮೊದಲು ನೆನಪಾಗುವುದು ಪರೀಕ್ಷೆ. ಹಳಬರಿಗೆ ‘ಇನ್ನೂರ ಹತ್ತು’ ಎಂದರೆ ಸಾಕು, ಅರ್ಥವಾಗುತ್ತದೆ. 600ರಲ್ಲಿ 210 ಅಂಕ ಬಂದರೆ ಎಸ್ಸೆಸ್ಸೆಲ್ಸಿ ಪಾಸು, 360 ಬಂದರೆ ಫಸ್ಟ್ ಕ್ಲಾಸು. 2005ರಲ್ಲಿ ಗ್ರೇಡ್ ಪದ್ಧತಿ ಬಂದ ಮೇಲೆ ಆ ಸಂಖ್ಯೆಗಳು ಮರೆಯಾದುವು. ಈಗ ಎಲ್ಲ ವಿಷಯಗಳಲ್ಲಿ ‘ಎ ಪ್ಲಸ್’ ಪಡೆದವರ ಚಿತ್ರವಿರುವ ಫ್ಲೆಕ್ಸ್ ಪ್ರತಿವರ್ಷ ಗೇಟಿನ ಬಳಿ ಏಳುತ್ತದೆ. ಅದು ಸಂತೋಷದ ವಿಷಯವೇ. ಆದರೆ ಆರಂಭದ ವರ್ಷಗಳಲ್ಲಿ ಇನ್ನೂರ ಹತ್ತು ದಾಟಿದ ಎಷ್ಟೋ ಮಕ್ಕಳು ತಮ್ಮ ಮನೆಯಲ್ಲಿ ಹತ್ತನೆಯ ತರಗತಿ ಮುಗಿಸಿದ ಮೊದಲಿಗರು. ಬೀಡಿ ಕಟ್ಟುತ್ತ ಓದಿದ ಹುಡುಗಿಯರು ಅವರಲ್ಲಿದ್ದರು. ಅವರ ಚಿತ್ರ ಯಾವ ಗೇಟಿನಲ್ಲೂ ಬಂದದ್ದಿಲ್ಲ.

ಪರೀಕ್ಷೆಯಲ್ಲಿ ಒಂದೊಂದು ಮಗು ಒಂಟಿಯಾಗಿ ಗೆಲ್ಲುತ್ತದೆ. ಎಲ್ಲರೂ ಕೂಡಿ ಗೆಲ್ಲಬೇಕಾದದ್ದು ಕಲೋತ್ಸವದಲ್ಲಿ. ಕೇರಳದ ಶಾಲಾ ಕಲೋತ್ಸವ ಆರಂಭವಾದದ್ದು 1957ರಲ್ಲಿ, ಎರ್ನಾಕುಳಂನಲ್ಲಿ. ಮರುವರ್ಷ ಶಾಸ್ತ್ರೀಯ ಸಂಗೀತದಲ್ಲಿ ಮೊದಲಿಗನಾದ ಹುಡುಗ ಯೇಸುದಾಸ್, ಮೃದಂಗದಲ್ಲಿ ಮೊದಲಿಗನಾದ ಹುಡುಗ ಜಯಚಂದ್ರನ್. ಇಬ್ಬರೂ ಮುಂದೆ ದೊಡ್ಡ ಗಾಯಕರಾದರು. ನಮ್ಮ ಕಾಲದಲ್ಲಿ ಇದಕ್ಕೆ ಯುವಜನೋತ್ಸವ ಎಂಬ ಹೆಸರಿತ್ತು. ಶಾಲೆ, ಉಪಜಿಲ್ಲೆ, ಜಿಲ್ಲೆ, ಕೊನೆಗೆ ರಾಜ್ಯ ಹೀಗೆ ಮೆಟ್ಟಿಲು. ಭರತನಾಟ್ಯ, ಒಪ್ಪನ, ತಿರುವಾದಿರ, ಕೋಲ್ಕಳಿಗಳ ಜೊತೆಗೆ ಕನ್ನಡ ಕಂಠಪಾಠ, ಕನ್ನಡ ಭಾಷಣ, ಯಕ್ಷಗಾನಗಳೂ ಅದರಲ್ಲಿ ಸ್ಪರ್ಧೆಗಳಾಗಿವೆ. 2019ರಲ್ಲಿ ಅರುವತ್ತನೆಯ ಕಲೋತ್ಸವ ನಮ್ಮದೇ ಜಿಲ್ಲೆಯ ಕಾಞಂಗಾಡಿನಲ್ಲಿ ನಡೆದಾಗ ನಮ್ಮ ಊರಿನಿಂದ ನೋಡಲು ಹೋದವರು ಅನೇಕರು.

ಯಕ್ಷಗಾನ ನಮ್ಮ ಮಣ್ಣಿನದು. ತೆಂಕುತಿಟ್ಟಿನ ಪಿತಾಮಹನೆಂದು ಹೇಳಲಾಗುವ ಪಾರ್ತಿಸುಬ್ಬ ಕುಂಬಳೆಯವನು. ಹಾಗಿದ್ದೂ ಶಾಲೆಯಲ್ಲಿ ತಂಡ ಕಟ್ಟುವುದು ಸುಲಭವಾಗಿರಲಿಲ್ಲ. ಹೆಜ್ಜೆ ಕಲಿಸಲು ಗುರುಗಳು ಬೇಕು, ಚೆಂಡೆ ಮದ್ದಳೆಯವರು ಬೇಕು, ವೇಷಭೂಷಣ ಬಾಡಿಗೆಗೆ ತರಬೇಕು. ಹಿಮ್ಮೇಳಕ್ಕೆ ಮತ್ತು ಬಣ್ಣಗಾರಿಕೆಗೆ ಬಂದ ಊರ ಕಲಾವಿದರು ಎಷ್ಟೋ ಸಲ ಬಸ್ಸಿನ ಖರ್ಚು ಮಾತ್ರ ಪಡೆದರು.

ಒಂದು ವರ್ಷ ಕನ್ನಡ ವಿಭಾಗದಲ್ಲಿ ತಂಡಕ್ಕೆ ಸಾಕಷ್ಟು ಮಕ್ಕಳು ಸಿಗಲಿಲ್ಲ. ತಾಲೀಮಿನ ಕೋಣೆಯ ಕಿಟಕಿಯಲ್ಲಿ ದಿನವೂ ನಿಂತು ನೋಡುತ್ತಿದ್ದ ಮಲಯಾಳ ವಿಭಾಗದ ಹುಡುಗನೊಬ್ಬನನ್ನು ಗುರುಗಳು ಒಳಗೆ ಕರೆದರು. ನೋಡಿಯೇ ಹೆಜ್ಜೆ ಕಲಿತಿದ್ದ. ಆದರೆ ಕನ್ನಡ ಓದಲು ಬರುತ್ತಿರಲಿಲ್ಲ. ಅವನು ಅರ್ಥದ ಮಾತುಗಳನ್ನೆಲ್ಲ ಕೇಳಿಕೊಂಡು ಮಲಯಾಳ ಲಿಪಿಯಲ್ಲಿ ಬರೆದುಕೊಂಡು ಬಾಯಿಪಾಠ ಮಾಡಿದ. ಎಲ್ಲಿ ಉಸಿರು ಬಿಡಬೇಕು, ಎಲ್ಲಿ ಮಾತು ಏರಬೇಕು ಎಂಬುದನ್ನು ಕನ್ನಡ ವಿಭಾಗದ ಹುಡುಗಿಯೊಬ್ಬಳು ಅವನ ನೋಟ್ ಪುಸ್ತಕದಲ್ಲಿ ಗೆರೆ ಎಳೆದು ಕೊಟ್ಟಳು. ಬ್ಯಾರಿ ಮನೆಯ ಹುಡುಗನಿಗೆ ಕಿರೀಟ ಕಟ್ಟಿಸುವುದೇ ಎಂದು ಗೊಣಗಿದವರು ಇರಲಿಲ್ಲವೆಂದಲ್ಲ, ಎರಡೂ ಕಡೆ ಇದ್ದರು. ಹುಡುಗನ ಅಜ್ಜ ಮಾತ್ರ, “ಶೇಣಿಯವರ ಬಪ್ಪ ಬ್ಯಾರಿಯನ್ನು ನೋಡಲು ನಾವು ರಾತ್ರಿಯಿಡೀ ಕೂತಿದ್ದೆವಲ್ಲ, ಟೀಚರೇ. ಇವನು ಕುಣಿದರೇನು?” ಎಂದರು. ಬಪ್ಪನಾಡು ಕ್ಷೇತ್ರ ಮಹಾತ್ಮೆಯಲ್ಲಿ ದೇವಿಗೆ ಗುಡಿ ಕಟ್ಟಿಸುವ ಮುಸ್ಲಿಂ ವರ್ತಕನೇ ಆ ಬಪ್ಪ. ನಮ್ಮ ಜಿಲ್ಲೆಯವರಾದ ಶೇಣಿ ಗೋಪಾಲಕೃಷ್ಣ ಭಟ್ಟರು ಆ ಪಾತ್ರಕ್ಕೆ ಹೆಸರಾದವರು. ಅಜ್ಜನ ಮಾತಿನ ಬಳಿಕ ಚರ್ಚೆ ಮುಂದುವರಿಯಲಿಲ್ಲ.

ಇದರ ಇನ್ನೊಂದು ಮುಖವೂ ಇದೆ. ಒಪ್ಪನದ ತಂಡದಲ್ಲಿ ತುಳು, ಮರಾಠಿ ಮನೆಗಳ ಹುಡುಗಿಯರು ಕೈತಟ್ಟಿ ಹಾಡಿದರು. ಅವರು ಮಾಪಿಳ್ಳೆ ಹಾಡುಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡರು. ತಳಂಗರೆಯ ಕವಿ ಟಿ. ಉಬೈದ್ ಕನ್ನಡದಲ್ಲಿ ಶಾಲೆ ಕಲಿತು ಮಲಯಾಳದಲ್ಲಿ ಕವಿಯಾದವರು. ಅಂಥವರು ಬಾಳಿದ ನೆಲದಲ್ಲಿ ಇದು ಹೊಸತಲ್ಲ. ಆದರೆ ಹದಿನಾಲ್ಕು ವರ್ಷದ ಮಕ್ಕಳು ಯಾರೂ ಹೇಳದೆ ಇದನ್ನು ಮಾಡಿದರು ಎಂಬುದು ನನ್ನ ದೃಷ್ಟಿಯಲ್ಲಿ ಯಾವ ಟ್ರೋಫಿಗೂ ಕಡಿಮೆಯಲ್ಲ.

ಇತ್ತೀಚಿನ ಒಂದು ಬದಲಾವಣೆಯನ್ನೂ ಇಲ್ಲಿ ದಾಖಲಿಸಬೇಕು. 2025ರ ಜನವರಿಯಲ್ಲಿ ತಿರುವನಂತಪುರದಲ್ಲಿ ನಡೆದ ರಾಜ್ಯ ಕಲೋತ್ಸವದಲ್ಲಿ ಐದು ಬುಡಕಟ್ಟು ಕಲೆಗಳು ಮೊದಲ ಬಾರಿಗೆ ಸ್ಪರ್ಧೆಯಾದುವು. ಅವುಗಳಲ್ಲಿ ಒಂದು ನಮ್ಮ ಜಿಲ್ಲೆಯ ಮಾವಿಲ ಮತ್ತು ಮಲವೇಟ್ಟುವ ಸಮುದಾಯಗಳ ಮಂಗಲಂಕಳಿ. ಮದುವೆ ಮನೆಯ ಚಪ್ಪರದಲ್ಲಿ ತುಡಿ ಬಡಿದು ಹಾಡುತ್ತ ಕುಣಿಯುವ ಕುಣಿತವದು. ಅದರ ಹಾಡುಗಳಲ್ಲಿ ತುಳು ಮಾತುಗಳಿವೆ. ಕಾಲೊನಿಯ ಮಕ್ಕಳು ತಮ್ಮ ಮನೆಯ ಹಾಡನ್ನು ಶಾಲೆಯಲ್ಲಿ ಗುನುಗಲೂ ನಾಚುತ್ತಿದ್ದ ಕಾಲವನ್ನು ಕಂಡವಳು ನಾನು. ಅದೇ ಹಾಡಿಗೆ ರಾಜಧಾನಿಯಲ್ಲಿ ತೀರ್ಪುಗಾರರು ಕೂತು ಗ್ರೇಡ್ ಕೊಟ್ಟರು. ಉಳಿದ ಮಕ್ಕಳು ಆ ಮಕ್ಕಳಿಂದ ಹೆಜ್ಜೆ ಕಲಿಯಬೇಕಾಗಿ ಬಂದಿದೆ. ಇದು ಆಗಬೇಕಾದದ್ದೇ.

ಉತ್ಸವಗಳ ವಿಷಯಕ್ಕೆ ಬಂದರೆ, ಓಣಂ ಪರೀಕ್ಷೆ ಮುಗಿದ ದಿನದ ಪೂಕಳಂ, ನವರಾತ್ರಿಯ ಶಾರದಾ ಪೂಜೆ, ಜೂನ್ ತಿಂಗಳ ಪ್ರವೇಶೋತ್ಸವ, ರಾತ್ರಿ ಬೆಳಗಾಗುವ ತನಕ ನಡೆಯುತ್ತಿದ್ದ ವಾರ್ಷಿಕೋತ್ಸವ ಎಲ್ಲರಿಗೂ ನೆನಪಿವೆ. ಇವುಗಳಲ್ಲಿ ಅತ್ಯಂತ ನಾಜೂಕಿನದು ನವೆಂಬರ್ 1. ಒಂದೇ ದಿನ ಕೇರಳ ಪಿರವಿ ಮತ್ತು ಕರ್ನಾಟಕ ರಾಜ್ಯೋತ್ಸವ. ಶಾಲೆಯ ಅರ್ಧ ಮಂದಿಗೆ ತಮ್ಮ ರಾಜ್ಯ ಹುಟ್ಟಿದ ದಿನ, ಉಳಿದವರಲ್ಲಿ ಕೆಲವರ ಮನೆಯ ಹಿರಿಯರಿಗೆ ಅಗಲಿಕೆಯ ನೋವಿನ ದಿನ. ನನ್ನ ಸೇವೆಯ ಮೊದಲ ವರ್ಷಗಳಲ್ಲಿ ಬ್ಯಾನರಿನ ವಿಷಯಕ್ಕೆ ರಕ್ಷಕ ಶಿಕ್ಷಕ ಸಂಘದ ಸಭೆಯಲ್ಲಿ ಮಾತು ಬಿಸಿಯಾಯಿತು. ಕೊನೆಗೆ ಎರಡೂ ಭಾಷೆಗಳಲ್ಲಿ ಒಂದೇ ಅಳತೆಯ ಅಕ್ಷರ, ಯಾವುದು ಮೇಲೆ ಎಂಬುದು ವರ್ಷ ಬಿಟ್ಟು ವರ್ಷ ಎಂದು ತೀರ್ಮಾನವಾಯಿತು. ಅಸೆಂಬ್ಲಿಯಲ್ಲಿ ಕನ್ನಡ ವಿಭಾಗದವರು ಒಬ್ಬ ಮಲಯಾಳ ಕವಿಯ ಬಗ್ಗೆ, ಮಲಯಾಳ ವಿಭಾಗದವರು ಒಬ್ಬ ಕನ್ನಡ ಕವಿಯ ಬಗ್ಗೆ ಮಾತಾಡುವ ರೂಢಿಯೂ ಹಾಗೆ ಬೆಳೆಯಿತು.

ಆ ದಿನ ನಾನು ಮಕ್ಕಳಿಗೆ ತಪ್ಪದೆ ಹೇಳುತ್ತಿದ್ದದ್ದು ಕಯ್ಯಾರ ಕಿಞ್ಞಣ್ಣ ರೈಯವರ ಬಗ್ಗೆ. ಪೆರಡಾಲದ ಶಾಲೆಯಲ್ಲಿ ಅಧ್ಯಾಪಕರಾಗಿದ್ದ ಕಯ್ಯಾರರು ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂಬ ಹೋರಾಟದ ಮುಂದಾಳು. ಅದೇ ಕಯ್ಯಾರರು ಮಲಯಾಳದ ಮಹಾಕವಿ ಕುಮಾರನ್ ಆಶಾನರ ಖಂಡಕಾವ್ಯಗಳನ್ನು ಕನ್ನಡಕ್ಕೆ ತಂದರು, ತುಳುವಿನಲ್ಲೂ ಕವಿತೆ ಬರೆದರು. ತನ್ನ ಭಾಷೆಯ ಹಕ್ಕಿಗಾಗಿ ನಿಲ್ಲುವುದಕ್ಕೂ ನೆರೆಮನೆಯ ಭಾಷೆಯನ್ನು ಪ್ರೀತಿಸುವುದಕ್ಕೂ ವಿರೋಧವಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪಾಠ ನಮ್ಮ ಜಿಲ್ಲೆಯಲ್ಲಿ ಸಿಗಲಾರದು.

ಹಬ್ಬದ ಸಂಚಿಕೆಯಲ್ಲಿ ಆತಂಕದ ಮಾತು ಬೇಡವೆಂದು ಕೆಲವರಿಗೆ ಅನ್ನಿಸಬಹುದು. ಆದರೆ ಇತಿಹಾಸ ಬರೆಯುವವರು ಇಂದಿನ ಸ್ಥಿತಿಯನ್ನೂ ಹೇಳಬೇಕು. ಜೂನ್ ತಿಂಗಳಲ್ಲಿ ಶಾಲೆ ತೆರೆದ ಆರನೆಯ ಕೆಲಸದ ದಿನ ಮಕ್ಕಳ ತಲೆ ಎಣಿಕೆಯಾಗುತ್ತದೆ. ಆ ದಿನದ ಸಂಖ್ಯೆಯ ಮೇಲೆ ಎಷ್ಟು ಡಿವಿಷನ್, ಎಷ್ಟು ಅಧ್ಯಾಪಕರು ಎಂಬುದು ನಿಶ್ಚಯವಾಗುತ್ತದೆ. ನಮ್ಮ ಕನ್ನಡ ವಿಭಾಗದಲ್ಲಿ ಆ ದಿನ ಪ್ರತಿವರ್ಷವೂ ಎದೆ ಹೊಡೆದುಕೊಳ್ಳುತ್ತದೆ. ಇಂಗ್ಲಿಷ್ ಮಾಧ್ಯಮದ ಬಸ್ಸು ಮನೆಬಾಗಿಲಿಗೆ ಬರುತ್ತದೆ. ಕನ್ನಡದಲ್ಲಿ ಕಲಿತರೆ ಕೇರಳದಲ್ಲಿ ಕೆಲಸ ಸಿಗುವುದೇ ಎಂಬ ಹೆತ್ತವರ ಪ್ರಶ್ನೆಯೂ ಸುಳ್ಳಲ್ಲ. 2017ರ ಮಲಯಾಳ ಭಾಷಾ ಕಲಿಕಾ ಕಾಯ್ದೆ ಬಂದ ಮೇಲೆ ಹತ್ತನೆಯ ತರಗತಿಯ ತನಕ ಮಲಯಾಳ ಕಲಿಕೆಯ ವಿಷಯವೂ ನಮ್ಮ ಮನೆಗಳಲ್ಲಿ ಚರ್ಚೆಯಾಗಿದೆ. ಮಲಯಾಳ ಕಲಿಯುವುದರಿಂದ ನಮ್ಮ ಮಕ್ಕಳಿಗೆ ನಷ್ಟವಿಲ್ಲ, ಅಂಗಳದಲ್ಲಿಯೇ ಅವರು ಅದನ್ನು ಕಲಿಯುತ್ತಾರೆ. ಅದನ್ನು ಕಲಿಯುವಾಗ ಕನ್ನಡ ಕೈಬಿಟ್ಟುಹೋಗಬಾರದು ಎಂಬುದಷ್ಟೇ ನಮ್ಮ ಕಾಳಜಿ.

ಕನ್ನಡ ಡಿವಿಷನ್ ಹೋದರೆ ಹೋಗುವುದು ಕನ್ನಡ ಮಕ್ಕಳ ಕೋಣೆ ಮಾತ್ರವಲ್ಲ. ಕಿಟಕಿಯಲ್ಲಿ ನಿಂತು ಯಕ್ಷಗಾನ ಕಲಿತ ಆ ಹುಡುಗನಂಥವರಿಗೆ ನೋಡಲು ಕಿಟಕಿಯೇ ಇರುವುದಿಲ್ಲ. ಒಪ್ಪನದ ಹಾಡನ್ನು ಕನ್ನಡದಲ್ಲಿ ಬರೆದುಕೊಳ್ಳುವ ಹುಡುಗಿಯೂ ಇರುವುದಿಲ್ಲ. ನಷ್ಟ ಎರಡೂ ವಿಭಾಗಗಳದ್ದು. ಆದ್ದರಿಂದ ಕನ್ನಡ ವಿಭಾಗವನ್ನು ಉಳಿಸುವ ಕೆಲಸದಲ್ಲಿ ಮಲಯಾಳ ವಿಭಾಗದ ಹಳೆ ವಿದ್ಯಾರ್ಥಿಗಳೂ ಜೊತೆಗಿರಬೇಕೆಂದು ಕೇಳಿಕೊಳ್ಳುತ್ತೇನೆ. ಅವರಲ್ಲಿ ಹಲವರು ಈಗಾಗಲೇ ಇದ್ದಾರೆ.

ಕೊನೆಯದಾಗಿ ಮೂರು ವಿನಂತಿಗಳು. ಮೊದಲನೆಯದು, ನಿಮ್ಮ ಮನೆಯಲ್ಲಿ ಶಾಲೆಯ ಹಳೆಯ ಫೊಟೊಗಳಿದ್ದರೆ ಅದರ ಹಿಂಬದಿಯಲ್ಲಿ ಎಲ್ಲರ ಹೆಸರು ಬರೆಯಿರಿ. ಬಹುಮಾನ ಹಿಡಿದವರದ್ದು ಮಾತ್ರವಲ್ಲ, ಬದಿಯಲ್ಲಿ ಮದ್ದಳೆ ಹಿಡಿದು ನಿಂತವರದ್ದೂ, ಗಂಜಿ ಬೇಯಿಸಿದ ಅಕ್ಕನದ್ದೂ. ಒಂದು ಪ್ರತಿಯನ್ನು ಶಾಲೆಯ ವಾಚನಾಲಯಕ್ಕೆ ಕೊಡಿ. ಎರಡನೆಯದು, ಕಲ್ಲು ಹೊತ್ತ ತಲೆಮಾರಿನ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಎಂಟು ಒಂಬತ್ತರ ಮಕ್ಕಳನ್ನು ಅವರ ಮನೆಗೆ ಕಳುಹಿಸಿ, ಅವರವರ ಭಾಷೆಯಲ್ಲಿಯೇ ನೆನಪುಗಳನ್ನು ಮೊಬೈಲಿನಲ್ಲಿ ದಾಖಲಿಸೋಣ. ಈ ಕೆಲಸಕ್ಕೆ ನಾನು ಸಿದ್ಧಳಿದ್ದೇನೆ. ಮೂರನೆಯದು, ಬರುವ ಜೂನಿನಲ್ಲಿ ನಿಮ್ಮ ಮನೆಯಿಂದಲೋ ನೆರೆಮನೆಯಿಂದಲೋ ಒಂದು ಮಗುವನ್ನು ಈ ಶಾಲೆಗೆ ಕರೆತನ್ನಿ. ಆರನೆಯ ದಿನದ ಎಣಿಕೆಯಲ್ಲಿ ಒಂದು ಮಗುವೂ ಲೆಕ್ಕಕ್ಕೆ ಬರುತ್ತದೆ.

ಶಾಲೆಗೆ ಐವತ್ತು ತುಂಬಿತು.